ಎಸ್ಟಿಮೇಟ್‌ನಲ್ಲಿ ಬರೆದಿರುವ ಲೋವರ್ ಆರ್ಮ್, ಲಿಂಕ್ ರಾಡ್, ಆಕ್ಸಲ್ ಅಸೆಂಬ್ಲಿ ಎಲ್ಲ ಏನು? ಯಾವುದು ತುರ್ತು?

ಕುಮಾರಧಾರ ಕೇಳಿದ್ದು:

ನಮಸ್ಕಾರ. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್, 82,000 ಕಿ.ಮೀ. ಓಡಿದೆ. ವಾರಕ್ಕೆ ಎರಡು ಸಲವಾದರೂ ಶಿರಾಡಿ ಘಾಟಿ ಹತ್ತಿ ಇಳಿಯುವ ಗಾಡಿ. ಈಗಿರುವ ತೊಂದರೆಗಳು:

ಕಲ್ಲುಮಣ್ಣಿನ ರಸ್ತೆಯಲ್ಲಿ 15–25 ಕಿ.ಮೀ. ವೇಗದಲ್ಲಿ ಹೋಗುವಾಗ ಮುಂದಿನ ಎಡಗಡೆಯಿಂದ ‘ಟಕ ಟಕ’ ಸದ್ದು. ಒಳ್ಳೆಯ ರಸ್ತೆಯಲ್ಲಿ ಇಲ್ಲ.

80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಬ್ರೇಕ್ ಬಿಟ್ಟರೆ ನಡುಕ ನಿಲ್ಲುತ್ತದೆ.

ಎ.ಸಿ. ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಅದುರುತ್ತದೆ. ಕ್ಲಚ್ ಪೆಡಲ್ ಮೊದಲಿಗಿಂತ ಗಟ್ಟಿಯಾಗಿದೆ.

ಗ್ಯಾರೇಜಿನವರು ಕೊಟ್ಟ ಚೀಟಿಯಲ್ಲಿ ಹೀಗಿದೆ: ಲಿಂಕ್ ರಾಡ್ 2, ಲೋವರ್ ಆರ್ಮ್ ಅಸೆಂಬ್ಲಿ 2, ಮುಂದಿನ ಶಾಕ್ ಅಬ್ಸಾರ್ಬರ್ 2, ಸ್ಟ್ರಟ್ ಮೌಂಟ್ ಬೇರಿಂಗ್ ಸಮೇತ 2, ಟೈ ರಾಡ್ ಎಂಡ್ 2, ಎಡಗಡೆ ಆಕ್ಸಲ್ ಅಸೆಂಬ್ಲಿ 1, ಡಿಸ್ಕ್ ಸ್ಕಿಮ್ಮಿಂಗ್ ಮತ್ತು ಪ್ಯಾಡ್, ಕ್ಲಚ್ ಓವರ್‌ಹಾಲ್, ಎಂಜಿನ್ ಮೌಂಟ್ 3, ಥ್ರಾಟಲ್ ಬಾಡಿ ಕ್ಲೀನಿಂಗ್, ಎಂಜಿನ್ ಫ್ಲಶ್.

ಇದರಲ್ಲಿ ಅರ್ಧದಷ್ಟು ಹೆಸರು ನನಗೆ ಗೊತ್ತಿಲ್ಲ. ಯಾವ ಭಾಗ ಏನು ಮಾಡುತ್ತದೆ, ನನ್ನ ತೊಂದರೆಗೂ ಅದಕ್ಕೂ ಏನು ಸಂಬಂಧ, ಒಪ್ಪಿಗೆ ಕೊಡುವ ಮೊದಲು ನಾನೇ ನೋಡಿ ತಿಳಿಯಬಹುದಾದ್ದು ಏನಾದರೂ ಇದೆಯೇ ಎಂದು ಬಲ್ಲವರು ದಯವಿಟ್ಟು ತಿಳಿಸಿ.

---

ಹದಿನಾಲ್ಕರ ಸ್ಪ್ಯಾನರ್ ಉತ್ತರ:

ನಿಮ್ಮ ಚೀಟಿಯ ಮೊದಲ ಆರು ಐಟಂಗಳೂ ಒಂದೇ ಜಾಗದವು: ಮುಂದಿನ ಚಕ್ರದ ಹಿಂದೆ, ಒಂದು ಮೊಳದೊಳಗೆ. ಆ ಜಾಗವನ್ನು ಒಮ್ಮೆ ಕಣ್ಣಾರೆ ನೋಡಿದರೆ ಹೆಸರುಗಳೆಲ್ಲ ತಾವಾಗಿಯೇ ನೆನಪಿರುತ್ತವೆ. ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಗಾಡಿ ನಿಲ್ಲಿಸಿ, ಟಾರ್ಚ್ ಹಿಡಿದು ಎಡ ಚಕ್ರದ ಹಿಂದೆ ಬಗ್ಗಿ ನೋಡಿ.

ಮೇಲಿನಿಂದ ಕೆಳಗೆ ಇಳಿದಿರುವ ದಪ್ಪ ಕೊಳವೆ, ಅದರ ಸುತ್ತ ಸ್ಪ್ರಿಂಗ್: ಅದೇ ಸ್ಟ್ರಟ್. ಶಾಕ್ ಅಬ್ಸಾರ್ಬರ್ ಇರುವುದು ಇದರೊಳಗೇ. ಕೆಲವು ಗ್ಯಾರೇಜುಗಳಲ್ಲಿ ಇದನ್ನೇ ಜಂಪ್ಸ್ ಎನ್ನುತ್ತಾರೆ. ಇದರ ತಲೆ ಬಾನೆಟ್ ಕೆಳಗೆ ಬಾಡಿಗೆ ಸೇರುವ ಕಡೆ ಇರುವ ರಬ್ಬರ್ ಬಿಲ್ಲೆಯೇ ಸ್ಟ್ರಟ್ ಮೌಂಟ್. ಸ್ಟೀರಿಂಗ್ ತಿರುಗಿಸಿದಾಗ ಸ್ಟ್ರಟ್ ಪೂರ್ತಿ ತಿರುಗಬೇಕಲ್ಲ, ಅದಕ್ಕಾಗಿ ಅಲ್ಲೊಂದು ಚಪ್ಪಟೆ ಬೇರಿಂಗ್ ಕೂಡ ಇರುತ್ತದೆ.

ಕೆಳಗೆ, ಗಾಡಿಯ ನಡುವಿನಿಂದ ಚಕ್ರದ ಕಡೆಗೆ ಚಾಚಿದ ಅಗಲವಾದ ಕಬ್ಬಿಣದ ತೋಳೇ ಲೋವರ್ ಆರ್ಮ್. ಒಳಗಿನ ತುದಿ ಎರಡು ರಬ್ಬರ್ ಬುಷ್‌ಗಳ ಮೂಲಕ ಫ್ರೇಮಿಗೆ ಸೇರಿದೆ, ಹೊರಗಿನ ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರಕ್ಕೆ. ಚಕ್ರ ಮೇಲೆ ಕೆಳಗೆ ಆಡಬೇಕು, ಆದರೆ ಹಿಂದೆ ಮುಂದೆ ಸರಿಯಬಾರದು. ಅದನ್ನು ಹಿಡಿದಿಡುವುದು ಈ ತೋಳು.

ಸ್ಟ್ರಟ್ ಪಕ್ಕದಲ್ಲೇ ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪನೆಯ, ಎರಡೂ ತುದಿಗೆ ಗುಂಡು ಇರುವ ಕಡ್ಡಿ ಕಾಣುತ್ತದೆ. ಅದು ಲಿಂಕ್ ರಾಡ್. ಗಾಡಿ ತಿರುವಿನಲ್ಲಿ ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಇರುತ್ತದೆ, ಅದರ ತುದಿಯನ್ನು ಸ್ಟ್ರಟ್‌ಗೆ ಕಟ್ಟುವ ಕೊಂಡಿ ಇದು. ಟೈ ರಾಡ್ ಎಂಡ್ ಸ್ಟೀರಿಂಗ್ ಕಡೆಯಿಂದ ಬಂದು ಚಕ್ರವನ್ನು ತಳ್ಳಿ ಎಳೆದು ತಿರುಗಿಸುತ್ತದೆ. ಗೇರ್‌ಬಾಕ್ಸ್‌ನಿಂದ ಚಕ್ರದ ನಡುವಿಗೆ ಬರುವ ಶಾಫ್ಟೇ ಆಕ್ಸಲ್. ಅದರ ಎರಡೂ ತುದಿಯಲ್ಲಿ ಸಿ.ವಿ. ಜಾಯಿಂಟ್ (ಚಕ್ರ ತಿರುಗಿದಾಗಲೂ ಏರಿಳಿದಾಗಲೂ ಶಕ್ತಿ ದಾಟಿಸುವ ಕೀಲು), ಅದರ ಮೇಲೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲ. ಆ ಚೀಲವೇ ಬೂಟ್.

ಇನ್ನು ಸದ್ದಿನ ಮಾತು. ಯಾವ ಭಾಗ ಹೋಗಿದೆ ಎಂಬುದನ್ನು ಸದ್ದು ಯಾವಾಗ ಬರುತ್ತದೆ ಎಂಬುದೇ ಹೇಳುತ್ತದೆ.

ಸಣ್ಣ ಸಣ್ಣ ಕಲ್ಲುಗಳ ಮೇಲೆ ನಿಧಾನವಾಗಿ ಹೋಗುವಾಗ ಒಣ ‘ಟಕ ಟಕ’ ಬಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಎರಡೂ ಚಕ್ರ ಒಟ್ಟಿಗೇ ಹಂಪ್ ಹತ್ತಿದರೆ ಲಿಂಕ್ ರಾಡ್ ಅಷ್ಟಾಗಿ ಸದ್ದು ಮಾಡುವುದಿಲ್ಲ, ಯಾಕೆಂದರೆ ಬಾರ್ ತಿರುಚಿಕೊಳ್ಳುವುದೇ ಇಲ್ಲ. ಒಂದೊಂದು ಚಕ್ರ ಬೇರೆ ಬೇರೆಯಾಗಿ ಏರಿಳಿದಾಗಲೇ ಅದು ಬಡಿಯುವುದು. ನೀವು ಬರೆದಿರುವ ಲಕ್ಷಣ ಇದಕ್ಕೆ ಸರಿಹೊಂದುತ್ತದೆ.

ಬ್ರೇಕ್ ಹಾಕಿದ ಕ್ಷಣ ಅಥವಾ ಮೊದಲ ಗೇರಿನಲ್ಲಿ ಹೊರಟ ಕ್ಷಣ ಒಂದೇ ಒಂದು ಸಲ ‘ಧಡ್’ ಎಂದರೆ ಲೋವರ್ ಆರ್ಮ್‌ನ ಹಿಂದಿನ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ‘ಟಂಗ್’ ಎಂದು ಸ್ಪ್ರಿಂಗ್ ಬಿಡಿಸಿಕೊಂಡ ಸದ್ದು ಬಂದರೆ ಸ್ಟ್ರಟ್ ಮೌಂಟ್ ಬೇರಿಂಗ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಆಕ್ಸಿಲರೇಟರ್ ಕೊಟ್ಟಾಗ ‘ಕಟ್ ಕಟ್ ಕಟ್’ ಎಂದು ಲಯವಾಗಿ ಬಂದರೆ ಹೊರಗಿನ ಸಿ.ವಿ. ಜಾಯಿಂಟ್. ವೇಗ ಹೆಚ್ಚಿದಂತೆ ‘ಗುಂಯ್’ ಎಂಬ ಗುಂಗು ಹೆಚ್ಚಿ, ಗಾಡಿ ಒಂದು ಕಡೆ ವಾಲಿದಾಗ ಸ್ವರ ಬದಲಾದರೆ ವೀಲ್ ಬೇರಿಂಗ್.

ಕೈಯಿಂದ ಮಾಡುವ ಪರೀಕ್ಷೆಗಳನ್ನು ಹೇಳುತ್ತೇನೆ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆಯಾಗಲಿ ಕೈಯಾಗಲಿ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನ ಲಿಫ್ಟ್ ಮೇಲೆ ಏರಿಸಿದಾಗಲೇ ಪಕ್ಕದಲ್ಲಿ ನಿಂತು ತೋರಿಸಲು ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಲಿಂಕ್ ರಾಡನ್ನು ಗಾಡಿ ನೆಲದ ಮೇಲಿರುವಾಗಲೇ ಅಲ್ಲಾಡಿಸಿ ನೋಡಬೇಕು. ಒಂದೇ ಕಡೆ ಜಾಕ್ ಏರಿಸಿದರೆ ಸ್ಟೆಬಿಲೈಸರ್ ಬಾರ್ ತಿರುಚಿ ಕೊಂಡಿಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ, ಸವೆದಿದ್ದರೂ ಸಡಿಲ (ಪ್ಲೇ) ಗೊತ್ತಾಗುವುದಿಲ್ಲ. ‘ಲಿಂಕ್ ರಾಡ್ ಚೆನ್ನಾಗಿದೆ, ಲೋವರ್ ಆರ್ಮ್ ಹೋಗಿದೆ’ ಎಂಬ ತಪ್ಪು ತೀರ್ಮಾನ ಬಹಳ ಸಲ ಆಗುವುದು ಇಲ್ಲೇ. ಎರಡೂ ಚಕ್ರ ನೆಲದಲ್ಲಿರಲಿ, ಅಥವಾ ಎರಡೂ ನೇತಾಡುತ್ತಿರಲಿ.

ಚಕ್ರ ಎತ್ತಿದ ಮೇಲೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಸಡಿಲವಿದ್ದರೆ ಟೈ ರಾಡ್ ಎಂಡ್ ಅಥವಾ ಅದರ ಒಳಗಿನ ರ್‍ಯಾಕ್ ಎಂಡ್. 12 ಮತ್ತು 6ರಲ್ಲಿ ಹಿಡಿದಾಗ ಸಡಿಲವಿದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎರಡರಲ್ಲಿ ಯಾವುದೆಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ: ಸಡಿಲ ಮಾಯವಾದರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ಸಡಿಲವಿದ್ದರೆ ಒಂದು ದಿನವೂ ಕಾಯಬೇಡಿ. ಅದು ಕಳಚಿದರೆ ಚಕ್ರ ಮಡಿಚಿಕೊಳ್ಳುತ್ತದೆ, ಘಾಟಿಯಲ್ಲಿ ಅದು ಜೀವಕ್ಕೇ ಅಪಾಯ.

ಬುಷ್ ನೋಡುವಾಗ ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಹೆದರಬೇಡಿ, ಹತ್ತು ವರ್ಷದ ರಬ್ಬರ್‌ಗೆ ಅದು ಸಹಜ. ಬುಷ್‌ನ ಲೋಹದ ಕೊಳವೆಯಿಂದ ರಬ್ಬರ್ ಬಿಟ್ಟುಕೊಂಡಿದೆಯೇ, ಪ್ರೈ ಬಾರ್ ಹಾಕಿ ಮೀಟಿದಾಗ ಸೀಳು ಬಾಯಿ ಬಿಡುತ್ತದೆಯೇ ಎಂದು ನೋಡಿ. ಬಾಯಿ ಬಿಟ್ಟರೆ ಮಾತ್ರ ಬದಲಾಯಿಸಬೇಕು.

ಶಾಕ್ ಅಬ್ಸಾರ್ಬರ್ ಮೇಲೆ ತೆಳ್ಳಗೆ ಧೂಳು ಅಂಟಿದ ಎಣ್ಣೆಯ ತೇವ ಇದ್ದರೆ ಚಿಂತೆಯಿಲ್ಲ. ಎಣ್ಣೆ ಹರಿದು ಕೆಳಗಿನ ಬಟ್ಟಲಿನವರೆಗೂ ಒದ್ದೆಯಾಗಿದ್ದರೆ ಸೀಲ್ ಹೋಗಿದೆ ಎಂದರ್ಥ. ಬಾನೆಟ್ ಮೂಲೆ ಒತ್ತಿ ಬಿಟ್ಟಾಗ ಗಾಡಿ ಎರಡು ಮೂರು ಸಲ ತೂಗಿದರೂ ಹೋಗಿದೆ. ಆದರೆ ಒಂದೇ ಸಲಕ್ಕೆ ನಿಂತಿತೆಂದು ಚೆನ್ನಾಗಿದೆ ಎನ್ನಲಾಗುವುದಿಲ್ಲ, ಆ ಪರೀಕ್ಷೆಗೆ ಅಷ್ಟು ಸೂಕ್ಷ್ಮತೆ ಇಲ್ಲ.

ಕೊನೆಗೆ ಆಕ್ಸಲ್. ಚೀಟಿಯಲ್ಲಿ ‘ಅಸೆಂಬ್ಲಿ’ ಎಂದಿದೆ, ಅಂದರೆ ಪೂರ್ತಿ ಶಾಫ್ಟ್. ಬೂಟ್ ಮಾತ್ರ ಹರಿದು, ಸ್ಟೀರಿಂಗ್ ಪೂರ್ತಿ ತಿರುಗಿಸಿ ಓಡಿಸಿದಾಗ ಕಟ್ ಕಟ್ ಸದ್ದು ಇಲ್ಲದಿದ್ದರೆ ಬೂಟ್ ಕಿಟ್ ಸಾಕು. ಬೂಟ್, ಎರಡು ಕ್ಲ್ಯಾಂಪ್, ಒಂದು ಪೊಟ್ಟಣ ಕಪ್ಪು ಗ್ರೀಸ್ ಬರುತ್ತದೆ. ಹಳೇ ಗ್ರೀಸನ್ನು ಪೂರ್ತಿ ಒರೆಸಿ ತೆಗೆದು ಬೆರಳ ನಡುವೆ ಉಜ್ಜಿ ನೋಡಬೇಕು. ಮರಳಿನಂತೆ ತರಿತರಿಯಾಗಿದ್ದರೆ ಜಾಯಿಂಟ್ ಒಳಗೆ ಧೂಳು ಹೋಗಿ ಸವೆತ ಶುರುವಾಗಿದೆ, ಆಗ ಬೂಟ್ ಮಾತ್ರ ಹಾಕಿ ಪ್ರಯೋಜನವಿಲ್ಲ. ನುಣ್ಣಗಿದ್ದರೆ ಉಳಿದುಕೊಂಡಿದೆ.

---

ಡ್ರಮ್ ಡಿಸ್ಕ್ ಉತ್ತರ:

ಬ್ರೇಕ್ ವಿಷಯ ನಾನು ಹೇಳುತ್ತೇನೆ. ಸ್ಪ್ಯಾನರ್ ಅವರು ಬರೆದಿದ್ದರಲ್ಲಿ ಸೇರಿಸುವುದು ಏನೂ ಇಲ್ಲ.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್. ಬ್ರೇಕ್ ಇಲ್ಲದೆಯೂ 80–100ರಲ್ಲಿ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಬೇಕು. ಸೀಟಿನ ಅಡಿ ನಡುಕ ಬಂದರೆ ಹಿಂದಿನ ಡ್ರಮ್ ಕಡೆ ಹುಡುಕಬೇಕು.

ಗ್ಯಾರೇಜಿನಲ್ಲಿ ‘ಡಿಸ್ಕ್ ಬೆಂಡ್ ಆಗಿದೆ’ ಎನ್ನುತ್ತಾರೆ. ಡಿಸ್ಕ್ ಬಾಗಿರುವುದು ಅಪರೂಪ. ನಿಜವಾಗಿ ಆಗುವುದು ಬೇರೆ: ಡಿಸ್ಕ್ ಕೂರುವ ಹಬ್ ಮೇಲೆ ತುಕ್ಕು ಕಟ್ಟಿ, ಅಥವಾ ಚಕ್ರದ ನಟ್‌ಗಳನ್ನು ಏರ್ ಗನ್‌ನಿಂದ ಒಂದೊಂದಕ್ಕೆ ಒಂದೊಂದು ಬಿಗಿ ಕೊಟ್ಟು, ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಪ್ರತಿ ಸುತ್ತಿಗೂ ಒಂದೇ ಜಾಗ ಪ್ಯಾಡ್‌ಗೆ ತಾಗಿ ತಾಗಿ ಅಲ್ಲಿ ದಪ್ಪ ಕಡಿಮೆಯಾಗುತ್ತದೆ. ನಿಮ್ಮ ಕೈಗೆ ನಡುಕವಾಗಿ ಬರುವುದು ಈ ದಪ್ಪದ ವ್ಯತ್ಯಾಸ. ಒಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಅಳೆಯುವ ವ್ಯತ್ಯಾಸವಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ, ಡಯಲ್ ಗೇಜ್ ಮತ್ತು ಮೈಕ್ರೊಮೀಟರ್ ಬೇಕು.

ಆದ್ದರಿಂದ ಸ್ಕಿಮ್ಮಿಂಗ್ (ಡಿಸ್ಕ್‌ನ ಮುಖವನ್ನು ಸಮನಾಗಿ ಕಡೆಯುವುದು) ಮಾಡಿಸುವುದಾದರೆ ಹಬ್ ಮುಖವನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವಷ್ಟು ಉಜ್ಜಲೇಬೇಕು. ಅದನ್ನು ಬಿಟ್ಟರೆ ಕೆಲವೇ ಸಾವಿರ ಕಿ.ಮೀ.ನಲ್ಲಿ ನಡುಕ ವಾಪಸ್ ಬರುತ್ತದೆ. ಡಿಸ್ಕ್‌ನ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಸ್ಕಿಮ್ಮಿಂಗ್ ಆದ ಮೇಲೆ ಅದಕ್ಕಿಂತ ದಪ್ಪ ಉಳಿಯಬೇಕು. ಈಗಲೇ ಅದರ ಹತ್ತಿರವಿದ್ದರೆ ಕಡೆಯುವುದು ಬೇಡ, ಹೊಸ ಡಿಸ್ಕ್ ಜೋಡಿ ಹಾಕಿಸಿ. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ, ಘಾಟಿ ಇಳಿಯುವ ಗಾಡಿಗೆ ಅದು ಸಲ್ಲದು.

ಪ್ಯಾಡ್‌ನ ಉಜ್ಜುವ ಪದರ 3 ಮಿ.ಮೀ.ಗೆ ಬಂದರೆ ಬದಲಾಯಿಸುವ ಹೊತ್ತು. ಒಳಗಿನ ಮತ್ತು ಹೊರಗಿನ ಪ್ಯಾಡ್ ಎರಡನ್ನೂ ನೋಡಿ. ಒಂದು 6 ಮಿ.ಮೀ., ಇನ್ನೊಂದು 2 ಮಿ.ಮೀ. ಇದ್ದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರಿ ಆಡುವ ಸ್ಲೈಡ್ ಪಿನ್ ಕಚ್ಚಿಕೊಂಡಿದೆ. ಪಿನ್ ಹೊರತೆಗೆದು ಶುಚಿಮಾಡಿ ಸಿಲಿಕಾನ್ ಬ್ರೇಕ್ ಗ್ರೀಸ್ ಹಚ್ಚಬೇಕು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ಅದರ ರಬ್ಬರ್ ಊದಿಕೊಂಡು ಪಿನ್ ಇನ್ನಷ್ಟು ಬಿಗಿಯಾಗುತ್ತದೆ. ಕ್ಯಾಲಿಪರನ್ನು ಬ್ರೇಕ್ ಹೋಸ್ ಮೇಲೆ ನೇತುಬಿಡಬಾರದು, ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿರಬೇಕು.

ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ.

ನಿಮ್ಮ ಚೀಟಿಯಲ್ಲಿ ಇಲ್ಲದ, ಆದರೆ ಇರಬೇಕಾದ ಒಂದು ಐಟಂ ಇದೆ: ಬ್ರೇಕ್ ಫ್ಲೂಯಿಡ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಘಾಟಿಯಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಕ್ಯಾಲಿಪರ್ ಕಾದು, ಒಳಗೆ ಫ್ಲೂಯಿಡ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿಗೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಒಳಗಿನ ಗಾಳಿ ಹೊರಹಾಕಿಸಿ. ಯಾವ ದರ್ಜೆ ಎಂದು ಟ್ಯಾಂಕ್‌ನ ಮುಚ್ಚಳದ ಮೇಲೇ ಬರೆದಿರುತ್ತದೆ. ಇಳಿಯುವಾಗ 2 ಅಥವಾ 3ನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯಲಿ.

---

ಕೆಂಪುಹಂಚು ಉತ್ತರ:

ಉಳಿದದ್ದು ಕ್ಲಚ್, ಮೌಂಟ್, ಕ್ಲೀನಿಂಗ್.

ಎ.ಸಿ. ಹಾಕಿದಾಗ ನಿಂತಲ್ಲಿ ಅದುರುವುದಕ್ಕೆ ಎರಡು ಕಾರಣ ಇರಬಹುದು. ಎ.ಸಿ. ಕಂಪ್ರೆಸರ್ ಎಳೆತಕ್ಕೆ ಎಂಜಿನ್ ಐಡ್ಲಿಂಗ್ ಕುಸಿಯುತ್ತಿರಬಹುದು, ಇಲ್ಲವೇ ಐಡ್ಲಿಂಗ್ ಸರಿಯಿದ್ದೂ ಎಂಜಿನ್ನನ್ನು ಬಾಡಿಗೆ ಹಿಡಿದಿರುವ ಮೌಂಟ್‌ನ ರಬ್ಬರ್ ಕುಸಿದು ನಡುಕವನ್ನು ಬಾಡಿಗೆ ದಾಟಿಸುತ್ತಿರಬಹುದು. ಆರ್‌ಪಿಎಂ ಮುಳ್ಳು ನೋಡಿ. ಎ.ಸಿ. ಹಾಕಿದಾಗ ಅದು ಸ್ವಲ್ಪ ಮೇಲೇರಿ ಸ್ಥಿರವಾಗಿ ನಿಲ್ಲಬೇಕು. ಕೆಳಗಿಳಿದು ಒದ್ದಾಡಿದರೆ ಮೊದಲು ಥ್ರಾಟಲ್ ಬಾಡಿ ಶುಚಿ ಮಾಡಿಸಿ. ಮುಳ್ಳು ಅಲುಗದೆ ನಿಂತಿದ್ದೂ ಸೀಟು ಅದುರಿದರೆ ಮೌಂಟ್.

ಥ್ರಾಟಲ್ ಬಾಡಿ ಎಂದರೆ ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು. ಬಾಗಿಲ ಅಂಚಿಗೆ ಕರಿ ಕಟ್ಟಿದರೆ, ಮುಚ್ಚಿದಾಗ ನುಸುಳಬೇಕಾದ ಅಷ್ಟೇ ಅಷ್ಟು ಗಾಳಿಯೂ ಹೋಗುವುದಿಲ್ಲ. 82,000 ಕಿ.ಮೀ.ಗೆ ಈ ಕೆಲಸ ನ್ಯಾಯವಾದದ್ದೇ. ಒಂದು ಎಚ್ಚರಿಕೆ: ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಇಗ್ನಿಷನ್ ಆನ್ ಇರುವಾಗ ಆ ತಟ್ಟೆಯನ್ನು ಬೆರಳಿಂದ ತಳ್ಳಬಾರದು, ಒಳಗಿನ ಪ್ಲಾಸ್ಟಿಕ್ ಗೇರ್‌ಗೆ ಪೆಟ್ಟು. ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸುವುದು ಒಳ್ಳೆಯದು. ಶುಚಿಯಾದ ಮೇಲೆ ಐಡ್ಲಿಂಗ್ ಕೆಲಕಾಲ ಏರುಪೇರಾದರೆ ಗಾಬರಿ ಬೇಡ. ಕಂಪ್ಯೂಟರ್ ಹಳೇ ಅಳತೆಯಲ್ಲೇ ಇರುತ್ತದೆ, ಸ್ಕ್ಯಾನರ್‌ನಿಂದ ಅದಕ್ಕೆ ಹೊಸ ಅಳತೆ ಕಲಿಸಬಹುದು (ರೀಲರ್ನ್).

ಮೌಂಟ್ ಪರೀಕ್ಷೆ: ಬಯಲು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕನ್ನೂ ಗಟ್ಟಿಯಾಗಿ ಒತ್ತಿ, ಬಾನೆಟ್ ತೆರೆದಿಡಿ. ನೋಡುವವರು ಗಾಡಿಯ ಪಕ್ಕಕ್ಕೆ ನಿಲ್ಲಲಿ, ಮುಂದೆ ಹಿಂದೆ ಯಾರೂ ನಿಲ್ಲಬಾರದು. ಮೊದಲ ಗೇರಿನಲ್ಲಿ ಕ್ಲಚ್ ಕಚ್ಚುವಷ್ಟು ಬಿಡಿ, ಮತ್ತೆ ಒತ್ತಿ. ರಿವರ್ಸ್‌ನಲ್ಲೂ ಹಾಗೇ. ಎಂಜಿನ್ ಸ್ವಲ್ಪ ವಾಲುವುದು ಸಹಜ. ಜಿಗಿದು ‘ಧಡ್’ ಎಂದು ಬಡಿದರೆ ಮೌಂಟ್ ಹರಿದಿದೆ. ಮೂರನ್ನೂ ಒಟ್ಟಿಗೆ ಬದಲಾಯಿಸಲೇಬೇಕೆಂದಿಲ್ಲ. ಹರಿದದ್ದು ಯಾವುದೆಂದು ತೋರಿಸಲು ಕೇಳಿ.

ಕ್ಲಚ್ ಬಗ್ಗೆ ಆತುರ ಬೇಡ. ಪೆಡಲ್ ಗಟ್ಟಿ ಎಂಬುದೊಂದರಿಂದಲೇ ಗೇರ್‌ಬಾಕ್ಸ್ ಇಳಿಸುವಂತಿಲ್ಲ. ನಿಮ್ಮದು ಕೇಬಲ್ ಕ್ಲಚ್ ಆದರೆ ಕೇಬಲ್ ಒಳಗಿನ ಎಳೆ ಬಿಚ್ಚಿಕೊಂಡು ಉಜ್ಜುತ್ತಿರಬಹುದು, ಕ್ಲಚ್ ಸೆಟ್ ಮುಂದೆ ಅದರ ಖರ್ಚು ಬಹಳ ಕಡಿಮೆ. ಕ್ಲಚ್ ಸ್ಲಿಪ್ ನೋಡಲು ಏರಿನಲ್ಲಿ 4ನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಪ್ಲೇಟ್ ಸವೆದಿದೆ. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್. ಪೆಡಲ್ ಬಿಟ್ಟಾಗ ಸದ್ದಿದ್ದು ಒತ್ತಿದರೆ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್. ಅದಕ್ಕೆ ಕ್ಲಚ್ ಸೆಟ್ ಹಾಕಿ ಏನೂ ಉಪಯೋಗವಿಲ್ಲ.

ನಿಜವಾಗಿ ಕ್ಲಚ್ ಹೋಗಿದ್ದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಖರ್ಚಿನ ದೊಡ್ಡ ಪಾಲು ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ, ಬೇರಿಂಗ್ ಉಳಿಸಿ ಅದನ್ನು ಎರಡು ಸಲ ಕೊಡಬಾರದು. ಇಳಿಸಿದಾಗ ಫ್ಲೈವೀಲ್ ಮುಖವನ್ನೂ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲನ್ನೂ ನೋಡಲು ಹೇಳಿ.

ಎಂಜಿನ್ ಫ್ಲಶ್, ಅಂದರೆ ಹಳೇ ಆಯಿಲ್‌ಗೆ ದ್ರಾವಣ ಸುರಿದು ಎಂಜಿನ್ ಒಳಗೆ ತೊಳೆಯುವುದನ್ನು, ಚೀಟಿಯಿಂದ ಹೊಡೆದುಹಾಕಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ಎಂಜಿನ್‌ಗೆ ಅದು ಬೇಡ. ಬದಲಾಯಿಸದ ಎಂಜಿನ್‌ಗೆ ಅಪಾಯ, ಯಾಕೆಂದರೆ ಒಂದೇ ಸಲ ಸಡಿಲಗೊಂಡ ಕೆಸರು ಹೋಗಿ ಆಯಿಲ್ ಪಂಪ್‌ನ ಜರಡಿಗೆ ಕಟ್ಟಿಕೊಳ್ಳಬಹುದು.

---

ಕುಮಾರಧಾರ:

ಮೂವರಿಗೂ ತುಂಬು ಧನ್ಯವಾದ. ಲಿಫ್ಟ್ ಮೇಲೆ ಏರಿಸಿ ನೋಡಿಸಿದೆ. ಎಡ ಲಿಂಕ್ ರಾಡ್ ಕೈಯಲ್ಲೇ ಕಟಕಟ ಎನ್ನುತ್ತದೆ, ಬಲದ್ದು ಬಿಗಿ. ಎಡ ಲೋವರ್ ಆರ್ಮ್‌ನ ಹಿಂದಿನ ಬುಷ್ ಮೀಟಿದರೆ ಬಾಯಿ ಬಿಡುತ್ತದೆ, ಬಾಲ್ ಜಾಯಿಂಟ್ ಚೆನ್ನಾಗಿದೆ. ಎಡ ಹೊರ ಬೂಟ್ ಹರಿದಿದೆ, ರಿಮ್ ಒಳಗೆಲ್ಲ ಗ್ರೀಸ್ ಚಿಮ್ಮಿದೆ, ಆದರೆ ತಿರುಗಿಸಿ ಓಡಿಸಿದಾಗ ಸದ್ದಿಲ್ಲ. ಶಾಕ್ ಒಣಗಿದೆ. 3–9ರಲ್ಲಿ ಸಡಿಲವಿಲ್ಲ. ಎ.ಸಿ. ಹಾಕಿದರೆ ಆರ್‌ಪಿಎಂ ಇಳಿಯುತ್ತದೆ. ಕ್ಲಚ್ ಸ್ಲಿಪ್ ಇಲ್ಲ.

ಎರಡು ಪ್ರಶ್ನೆ: ಬುಷ್ ಮಾತ್ರ ಹಾಕಿಸುವುದೋ ಪೂರ್ತಿ ಆರ್ಮೋ? ಭಾಗಗಳನ್ನು ನಾನೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರೆ ಏನು ನೋಡಿಕೊಳ್ಳಬೇಕು?

---

ಹದಿನಾಲ್ಕರ ಸ್ಪ್ಯಾನರ್:

ಹಾಗಾದರೆ ಶಾಕ್, ಟೈ ರಾಡ್ ಎಂಡ್, ಆಕ್ಸಲ್ ಅಸೆಂಬ್ಲಿ, ಕ್ಲಚ್ ನಾಲ್ಕನ್ನೂ ಚೀಟಿಯಿಂದ ತೆಗೆಸಿ. ಸ್ಟ್ರಟ್ ಮೌಂಟ್ ಒಂದನ್ನು ಹೀಗೆ ನೋಡಿ: ಎಂಜಿನ್ ಆಫ್ ಇರಲಿ, ಬಾನೆಟ್ ತೆರೆದು ಮೌಂಟ್ ಮೇಲೆ ಅಂಗೈ ಇಡಿ, ಇನ್ನೊಬ್ಬರು ಸ್ಟೀರಿಂಗ್ ಆಚೀಚೆ ತಿರುಗಿಸಲಿ. ಅಂಗೈಗೆ ಕುಕ್ಕಿದಂತೆ ಬಾರದಿದ್ದರೆ ಅದೂ ಬೇಡ.

ಬುಷ್ ವಿಷಯ. ಬಾಲ್ ಜಾಯಿಂಟ್ ಚೆನ್ನಾಗಿದ್ದು, ನಿಮ್ಮ ಗಾಡಿಗೆ ಬುಷ್ ಬಿಡಿಯಾಗಿ ಸಿಕ್ಕಿ, ಗ್ಯಾರೇಜಿನಲ್ಲಿ ಹೈಡ್ರಾಲಿಕ್ ಪ್ರೆಸ್ ಇದ್ದರೆ ಬುಷ್ ಸಾಕು. ಸುತ್ತಿಗೆಯಲ್ಲಿ ಬಡಿದು ಕೂರಿಸುವುದಾದರೆ ಬೇಡವೇ ಬೇಡ, ಬುಷ್‌ನ ಹೊರ ಕವಚ ಸೊಟ್ಟಗಾಗುತ್ತದೆ. ಹಿಂದಿನ ಬುಷ್‌ನ ರಬ್ಬರಿನಲ್ಲಿ ಅರ್ಧಚಂದ್ರದಂಥ ಖಾಲಿ ಜಾಗ ಇರುತ್ತದೆ. ಅದು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಬರಬೇಕು, ಹಳೆಯದನ್ನು ತೆಗೆಯುವ ಮೊದಲು ಆರ್ಮ್ ಮೇಲೆ ಗುರುತು ಹಾಕಲಿ. ಇಷ್ಟು ಜೋಪಾನ ಸಾಧ್ಯವಿಲ್ಲದ ಕಡೆ ಪೂರ್ತಿ ಆರ್ಮ್ ಹಾಕಿಸುವುದೇ ಲೇಸು. ಹೊಸ ಬಾಲ್ ಜಾಯಿಂಟೂ ಬಂದಂತಾಗುತ್ತದೆ.

ಯಾವುದನ್ನೇ ಹಾಕಲಿ, ಈ ಒಂದು ಮಾತು ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ: ಬುಷ್ ಮೂಲಕ ಹೋಗುವ ಬೋಲ್ಟ್‌ಗಳ ಕೊನೆಯ ಬಿಗಿ ಗಾಡಿಯ ಭಾರ ಚಕ್ರಗಳ ಮೇಲೆ ಕೂತ ಮೇಲೆಯೇ ಆಗಬೇಕು. ಬುಷ್‌ನ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ, ಬೇರಿಂಗ್‌ನಂತೆ ಸುತ್ತುವುದಿಲ್ಲ, ತಿರುಚಿಕೊಳ್ಳುತ್ತದೆ ಅಷ್ಟೆ. ಲಿಫ್ಟ್ ಮೇಲೆ ಚಕ್ರ ನೇತಾಡುವಾಗಲೇ ಬಿಗಿದುಬಿಟ್ಟರೆ, ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಚೆನ್ನಾಗಿರುವ ಬುಷ್ ಕೂಡ ಬಹಳ ಬೇಗ ಹರಿಯುವುದು ಇದರಿಂದಲೇ. ಬೈಯಿಸಿಕೊಳ್ಳುವುದು ಮಾತ್ರ ‘ಲೋಕಲ್ ಮಾಲು’ ಎಂದು ಆ ಬುಷ್!

ಲಿಂಕ್ ರಾಡ್ ಜೋಡಿ ಹಾಕಿಸಿ ಎನ್ನುತ್ತೇನೆ, ಎರಡೂ ಅಷ್ಟೇ ಕಿ.ಮೀ. ಓಡಿವೆ. ಕಡ್ಡಾಯವೇನಲ್ಲ. ಬೂಟ್ ಎಡದ್ದು ಮಾತ್ರ ಸಾಕು. ಮೂರೂ ಕೆಲಸ ಒಂದೇ ದಿನ ಆಗಲಿ: ಆಕ್ಸಲ್ ಹೊರಗೆಳೆಯಲು ಹೇಗೂ ಬಾಲ್ ಜಾಯಿಂಟ್ ಬಿಚ್ಚಬೇಕು, ಆಗ ಆರ್ಮ್‌ನ ಅರ್ಧ ಕೂಲಿ ಅಲ್ಲೇ ಉಳಿಯಿತು. ಶಾಫ್ಟ್ ಗೇರ್‌ಬಾಕ್ಸ್‌ನಿಂದ ಹೊರಬಂದರೆ ಅಲ್ಲಿಂದ ಆಯಿಲ್ ಸೋರುತ್ತದೆ, ಸೋರಿದಷ್ಟನ್ನು ಮತ್ತೆ ತುಂಬಿಸಿದ್ದಾರೆಯೇ ನೋಡಿಕೊಳ್ಳಿ. ಆಕ್ಸಲ್‌ನ ದೊಡ್ಡ ನಟ್ ಹೊಸದೇ ಆಗಬೇಕು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟನ್ನು ಎಲ್ಲ ಕೆಲಸ ಮುಗಿದ ಮೇಲೆ ಒಂದೇ ಸಲ ಮಾಡಿಸಿ, ಟೈರ್‌ಗೆ ಸರಿಯಾದ ಗಾಳಿ ತುಂಬಿದ ಮೇಲೆ.

---

ಕೆಂಪುಹಂಚು:

ಜೆ.ಸಿ. ರಸ್ತೆ ಬಗ್ಗೆ: ಗಾಡಿಯ ಮಾಡೆಲ್, ವರ್ಷ ಹೇಳಿ ಕೇಳಬೇಡಿ, ಪಾರ್ಟ್ ನಂಬರ್ ಹೇಳಿ ಕೇಳಿ. ಒಂದೇ ವರ್ಷದಲ್ಲಿ ಎರಡು ಬಗೆಯ ಆರ್ಮ್ ಬಂದಿರಬಹುದು. ಕಂಪನಿಯ ಪಾರ್ಟ್ಸ್ ಕೌಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಎಡ, ಬಲ ಬೇರೆ ಬೇರೆ ಎಂಬುದನ್ನೂ ಮರೆಯಬೇಡಿ.

ಅಂಗಡಿಯಲ್ಲಿ ಕೇಳುವ ಮಾತುಗಳು ಇವು. ‘ಜೆನ್ಯುಯಿನ್’ ಎಂದರೆ ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು. ‘ಓಇಎಂ’ ಎಂದರೆ ಆ ಭಾಗವನ್ನು ಕಾರು ಕಂಪನಿಗೇ ಮಾಡಿಕೊಡುವ ತಯಾರಕರು ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುವುದು. ಬೆಲೆ ಕಡಿಮೆ, ಮಾಲು ಬಹುಪಾಲು ಅದೇ ಮಟ್ಟದ್ದು. ಬೇರೆ ತಯಾರಕರದ್ದು ‘ಆಫ್ಟರ್ ಮಾರ್ಕೆಟ್’, ಅದರಲ್ಲಿ ಒಳ್ಳೆಯದೂ ಇದೆ ಕೆಟ್ಟದ್ದೂ ಇದೆ. ಲಿಂಕ್ ರಾಡ್, ಬೂಟ್ ಓಇಎಂ ತನ್ನಿ. ಬ್ರೇಕ್‌ಗೂ ಬಾಲ್ ಜಾಯಿಂಟ್‌ಗೂ ಹೆಸರಿಲ್ಲದ ಡಬ್ಬಿ ಬೇಡ. ಜಿ.ಎಸ್.ಟಿ. ಬಿಲ್ ಇಲ್ಲದೆ ತರಬೇಡಿ.

ಚೀಟಿಯ ಭಾಷೆಯನ್ನೂ ಗಮನಿಸಿ. ‘ಕಿಟ್’ ಎಂದರೆ ಸವೆಯುವ ರಬ್ಬರ್, ಕ್ಲ್ಯಾಂಪ್ ಮುಂತಾದವು. ‘ಸೆಟ್’ ಎಂದರೆ ಒಟ್ಟಿಗೆ ಕೆಲಸ ಮಾಡುವ ಎರಡು ಮೂರು ಭಾಗ. ‘ಅಸೆಂಬ್ಲಿ’ ಎಂದರೆ ಪೂರ್ತಿ ಜೋಡಿಸಿದ ಭಾಗ. ‘ಓವರ್‌ಹಾಲ್’ ಎಂದರೆ ಬಿಚ್ಚಿ, ನೋಡಿ, ಬೇಕಾದ್ದನ್ನು ಬದಲಾಯಿಸುವುದು. ಅದರಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳದಿದ್ದರೆ ಆ ಪದಕ್ಕೆ ಕೊನೆಯಿಲ್ಲ. ಬಿಚ್ಚಿದ ಹಳೇ ಭಾಗಗಳನ್ನು ವಾಪಸ್ ಕೊಡಬೇಕೆಂದು ಜಾಬ್ ಕಾರ್ಡ್‌ನಲ್ಲೇ ಬರೆಸಿ.

---

ಡ್ರಮ್ ಡಿಸ್ಕ್:

ಚಕ್ರ ಹಾಕುವಾಗ ನಟ್‌ಗಳನ್ನು ಕೈಯಿಂದ ಕೂರಿಸಿ, ಎದುರುಬದುರಾಗಿ ಟಾರ್ಕ್ ರೆಂಚ್‌ನಲ್ಲಿ ಬಿಗಿಸಲು ಹೇಳಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಗಾಡಿಯದ್ದು ಕೈಪಿಡಿಯಲ್ಲಿದೆ. 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ಹೊಸ ಪ್ಯಾಡ್‌ನಲ್ಲಿ ಮೊದಲ ಘಾಟಿ ಇಳಿಯುವ ಮುಂಚೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಗಾಡಿ ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಿನಲ್ಲಿ ಒಂದಿಪ್ಪತ್ತು ಸಲ ಬ್ರೇಕ್ ಹಾಕಿ, ನಡುನಡುವೆ ತಣಿಯಲು ಬಿಡಿ. ಕಾದ ಡಿಸ್ಕ್ ಮೇಲೆ ಪೆಡಲ್ ಒತ್ತಿಕೊಂಡೇ ನಿಂತರೆ ಪ್ಯಾಡ್‌ನ ಪದರ ಆ ಒಂದೇ ಜಾಗಕ್ಕೆ ಅಂಟಿ ನಡುಕ ಮತ್ತೆ ಶುರುವಾಗುತ್ತದೆ.